ಮಾಡಿನ ಕೆಳಗೆ ಮಲಗಿ ಓದಿದ ಅಕ್ಷರ

ನಾನು ಇಂಗ್ಲಿಷ್ ಅಕ್ಷರ ಕಲಿತದ್ದು ಹಂಚಿನಿಂದ. ಮುಲ್ಕಿ ಹತ್ತಿರದ ನಮ್ಮ ಹಳೇ ಮನೆಯ ಚಾವಡಿಗೆ ಮುಚ್ಚಿಗೆ ಇರಲಿಲ್ಲ. ರಾತ್ರಿ ಚಾಪೆ ಹಾಸಿ ಅಂಗಾತ ಮಲಗಿದರೆ ಮೇಲೆ ಪಕ್ಕಾಸು, ರೀಪು, ರೀಪಿನ ಸಂದಿಯಲ್ಲಿ ಸಾಲು ಸಾಲು ಹಂಚಿನ ಹೊಟ್ಟೆ. ಆ ಹೊಟ್ಟೆಯ ಮೇಲೆ ಉಬ್ಬಿದ ಅಕ್ಷರಗಳು. ಬಾಸೆಲ್ ಮಿಷನ್ ಟೈಲ್ ವರ್ಕ್ಸ್, 1865. ಸ್ವಿಟ್ಜರ್ಲೆಂಡಿನ ಬಾಸೆಲ್ ಊರಿನ ಕ್ರೈಸ್ತ ಮಿಷನರಿ ಸಂಸ್ಥೆಯ ಹಂಚಿನ ಕಾರ್ಖಾನೆ ಅದು. ನಿದ್ದೆ ಬರುವ ತನಕ ಒಂದೊಂದೇ ಅಕ್ಷರ ಕೂಡಿಸಿ ಓದುವುದೇ ನನಗೆ ಆಟ.

ಶಾಲೆಯಲ್ಲಿ ಹೋಗಿ ನಮ್ಮ ಮನೆ 1865ರದ್ದು ಅಂತ ಜಂಬ ಕೊಚ್ಚಿಕೊಂಡಿದ್ದೆ. ದನದ ಹಟ್ಟಿಯ ಮಾಡಿಗೆ ಆಲ್ಬುಕರ್ಕ್ ಕಂಪನಿಯ ಹಂಚು ಹಾಕಿದ್ದರು, ಅದರಲ್ಲಿ 1868 ಅಂತಿತ್ತು. ಹಾಗಾದರೆ ಹಟ್ಟಿ ಮನೆಗಿಂತ ಮೂರು ವರ್ಷ ಚಿಕ್ಕದು ಅಂತ ನನ್ನ ಲೆಕ್ಕ. ಅದು ಕಾರ್ಖಾನೆ ಶುರುವಾದ ಇಸವಿ, ಹಂಚು ಸುಟ್ಟದ್ದು ಯಾವಾಗಲೋ ಏನೋ ಅಂತ ಗೊತ್ತಾದದ್ದು ಎಷ್ಟೋ ವರ್ಷ ಆದ ಮೇಲೆ. ಮನೆ ಕಟ್ಟಿಸಿದ್ದು ಅಜ್ಜ. 1865ರಲ್ಲಿ ಅಜ್ಜನ ಅಪ್ಪನೂ ಹುಟ್ಟಿರಲಿಲ್ಲ.

ಹೋದ ಬೇಸಿಗೆಯಲ್ಲಿ ಆ ಮಾಡು ಇಳಿಸಿದರು. ಪಕ್ಕಾಸಿಗೆ ಗೆದ್ದಲು ಹಿಡಿದಿತ್ತು, ಅಮ್ಮನಿಗೂ ಪ್ರತಿ ಮಳೆಗಾಲಕ್ಕೆ ಮೊದಲು ಹಂಚು ಕೈಯಾಡಿಸುವ ಜನ ಹುಡುಕಿ ಸಾಕಾಗಿತ್ತು. ಸ್ಲ್ಯಾಬ್ ಹಾಕೋಣ ಅಂತ ಎಲ್ಲರೂ ಒಪ್ಪಿದೆವು. ನಾನು ರಜೆ ಹಾಕಿ ಹೋಗಿದ್ದೆ. ಇಳಿಸಿದ ಹಂಚು ಅಂಗಳದಲ್ಲಿ ಗೋಡೆಯ ಹಾಗೆ ಪೇರಿಸಿಟ್ಟಿದ್ದರು, ಹಳೇ ಹಂಚು ಕೊಳ್ಳುವವನು ಎಣಿಸುತ್ತಿದ್ದ. ನಾನು ಒಂದನ್ನು ಎತ್ತಿ ಅಕ್ಷರ ನೋಡುತ್ತಾ, ಈ ಮಿಷನ್ನಿನವರಿಗೆ ಒಂದು ಥ್ಯಾಂಕ್ಸ್ ಹೇಳಬೇಕು ಅಲ್ವಾ ಅಂದೆ. ಅಷ್ಟೇ ಅಂದದ್ದು. ಚಿಕ್ಕಪ್ಪನಿಗೆ ಸಿಟ್ಟು ಬಂತು. ಮತಾಂತರ ಮಾಡಲಿಕ್ಕೆ ಬಂದವರಿಗೆ ಎಂಥ ಥ್ಯಾಂಕ್ಸ್ ಅಂದರು. ಅಲ್ಲೇ ಇದ್ದ ನನ್ನ ಅತ್ತೆ ಮಗ, ಅವರು ಬಾರದೆ ಇದ್ದಿದ್ದರೆ ನಾವು ಇನ್ನೂ ಕಾಡಲ್ಲೇ ಇರುತ್ತಿದ್ದೆವು ಅಂತ ಶುರು ಮಾಡಿದ. ಈ ಎರಡನೇ ಮಾತಿಗೆ ನನಗೆ ಇನ್ನೂ ಜಾಸ್ತಿ ಕೋಪ ಬಂತು. ಚಹಾ ಬಂದ ಕಾರಣ ಜಗಳ ಅಲ್ಲಿಗೇ ನಿಂತಿತು. ಆದರೆ ನಾನು ಹೇಳಬೇಕಾಗಿದ್ದದ್ದು ಹೊಟ್ಟೆಯಲ್ಲೇ ಉಳಿಯಿತು, ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ನನ್ನ ಕಥೆ. ನಾನಿರುವುದು ಜರ್ಮನಿಯ ಸ್ಟುಟ್‌ಗಾರ್ಟ್ ಹತ್ತಿರ, ಕೆಲಸ ಸಾಫ್ಟ್‌ವೇರ್, ಬಂದು ಏಳು ವರ್ಷ ಆಯಿತು. ಏಳು ವರ್ಷದಿಂದಲೂ ಜರ್ಮನ್ ಕಲಿಯುತ್ತಲೇ ಇದ್ದೇನೆ. ಸಂಜೆ ಕ್ಲಾಸು, ಮೊಬೈಲಿನಲ್ಲಿ ಪಾಠ, ಆಫೀಸಿನಲ್ಲಿ ಕಲಿಸುವ ಗೆಳೆಯರು, ಎಲ್ಲ ಇದೆ. ಆದರೂ ಬ್ರೆಡ್ಡಿನ ಅಂಗಡಿಯಲ್ಲಿ ಬಾಯಿ ತೆರೆದರೆ ಸಾಕು, ಅಂಗಡಿಯವಳು ಇಂಗ್ಲಿಷಿಗೆ ಬರುತ್ತಾಳೆ. ಮೇಜು ಗಂಡು, ದೀಪ ಹೆಣ್ಣು, ಹುಡುಗಿ ನಪುಂಸಕ. ಇದು ಯಾವ ದೇವರ ನ್ಯಾಯವೋ! ಇನ್ನು ಇಲ್ಲಿನ ಹಳ್ಳಿಯ ಶ್ವೇಬಿಶ್ ಮಾತು ನನ್ನ ಕಿವಿಗೆ ಈಗಲೂ ಗಂಟಲು ಕೆರೆದ ಸದ್ದೇ.

ಈ ಶ್ವೇಬಿಶ್ ಸೀಮೆಯವರೇ ಬಾಸೆಲ್ ಮಿಷನ್ನಿನ ಪಾದ್ರಿ ಹರ್ಮನ್ ಮೋಗ್ಲಿಂಗ್. ಹುಟ್ಟಿದ್ದು 1811ರಲ್ಲಿ, ಬ್ರಾಕೆನ್‌ಹೈಮ್ ಅನ್ನುವ ಊರಿನಲ್ಲಿ. ನಮ್ಮ ಮನೆಯಿಂದ ಜಾಸ್ತಿ ದೂರ ಏನಿಲ್ಲ, ಒಂದು ಭಾನುವಾರ ಹೋಗಿ ನೋಡಿಕೊಂಡು ಬಂದೆ. ಸುತ್ತ ದ್ರಾಕ್ಷಿ ತೋಟ, ನಡುವೆ ಊರು. ಇಲ್ಲಿಂದ ಹೊರಟ ಹುಡುಗ 25ನೇ ವಯಸ್ಸಿಗೆ, 1836ರಲ್ಲಿ ಮಂಗಳೂರಿನಲ್ಲಿದ್ದ. ಬಾಸೆಲ್ ಮಿಷನ್ನಿನ ಮೊದಲ ಮೂವರು, ಹೆಬಿಕ್, ಲೆಹ್ನರ್ ಮತ್ತು ಗ್ರೈನರ್, ಅದಕ್ಕೆ ಎರಡು ವರ್ಷ ಮೊದಲೇ, 1834ರಲ್ಲಿ ಬಂದಿಳಿದಿದ್ದರು. ಇವರಿಗೆ ಕನ್ನಡ ಕಲಿಯಲು ಈಗಿನ ಹಾಗೆ ಅನುಕೂಲ ಏನೂ ಇರಲಿಲ್ಲ. ಕಲಿಸುವ ಮುನ್ಷಿಗೆ ಜರ್ಮನ್ ಬಾರದು, ಕಲಿಯುವವನಿಗೆ ಕನ್ನಡ ಬಾರದು. ಕೇಳಿದ್ದು ಒಂದು ಥರ, ಓದುವುದು ಇನ್ನೊಂದು ಥರ, ಹೊರಗೆ ಬೀದಿಗೆ ಹೋದರೆ ತುಳು, ಪೇಟೆಗೆ ಹೋದರೆ ಕೊಂಕಣಿ. ಮಂಗಳೂರಿನಲ್ಲಿ ಕನ್ನಡ ಕಲಿಯುವುದು ಅಂದರೆ ಇವತ್ತಿಗೂ ಸ್ವಲ್ಪ ತಮಾಷೆಯೇ ತಾನೇ.

ಬಂದ ಏಳನೇ ವರ್ಷ, 1843ರ ಜುಲೈ 1ರಂದು, ಆ ಮನುಷ್ಯ ಮಂಗಳೂರ ಸಮಾಚಾರ ಹೊರಡಿಸಿದರು. ಕನ್ನಡದ ಮೊದಲ ಪತ್ರಿಕೆ ಅದು. ಜುಲೈ 1 ನಮ್ಮಲ್ಲಿ ಪತ್ರಿಕಾ ದಿನ ಆದದ್ದು ಆ ಕಾರಣಕ್ಕೇ. ನನ್ನ ಏಳು ವರ್ಷ, ಅವರ ಏಳು ವರ್ಷ. ನಾನು ಏಳು ವರ್ಷದಲ್ಲಿ ಜರ್ಮನ್‌ನಲ್ಲಿ ಬರೆದ ಅತಿ ಉದ್ದದ ಬರಹ ಅಂದರೆ, ಬಾತ್‌ರೂಮಿನ ಪೈಪ್ ಸೋರುತ್ತಿದೆ ಅಂತ ಮನೆ ಮಾಲೀಕನಿಗೆ ಬರೆದ ಕಾಗದ. ಅವನು ಉತ್ತರವನ್ನು ಇಂಗ್ಲಿಷಿನಲ್ಲಿ ಬರೆದ.

ಆಗ ಅಲ್ಲಿ ಒಳ್ಳೆಯ ಕನ್ನಡ ಅಚ್ಚುಮೊಳೆ ಇರಲಿಲ್ಲ, ಹಾಗಾಗಿ ಪತ್ರಿಕೆ ಕಲ್ಲಚ್ಚಿನದು. ಕೈಯಿಂದ ಬರೆದದ್ದನ್ನು ಕಲ್ಲಿನ ಮೇಲೆ ಮೂಡಿಸಿ ಅದರಿಂದ ಒತ್ತಿ ತೆಗೆಯುವ ಕೆಲಸ. ಹದಿನೈದು ದಿನಕ್ಕೊಮ್ಮೆ ನಾಲ್ಕು ಪುಟ. ಊರ ಸುದ್ದಿ, ಕಂಪನಿ ಸರ್ಕಾರದ ಹುಕುಂ, ಬೇರೆ ರಾಜ್ಯಗಳ ವರ್ತಮಾನ, ನಡುವೆ ಬುದ್ಧಿಮಾತು, ಕಥೆ. ಊರ ಸುದ್ದಿಗೆ ಅವರು ಕೊಟ್ಟ ಜಾಗ ನೋಡಿದರೆ ಖುಷಿಯಾಗುತ್ತದೆ. ಒಂದು ವರ್ಷ ತುಂಬುವ ಮೊದಲೇ ಅದು ಬಳ್ಳಾರಿಗೆ ಹೋಗಿ, ಅಲ್ಲಿ ಮೊಳೆ ಅಚ್ಚಿನಲ್ಲಿ ಕನ್ನಡ ಸಮಾಚಾರ ಅನ್ನುವ ಹೆಸರಿನಿಂದ ಬಂತು.

ಇಷ್ಟು ಮಾಡಿ ಸುಮ್ಮನಿರಬಹುದಿತ್ತು. ಆದರೆ ಮೋಗ್ಲಿಂಗರಿಗೆ ಕನ್ನಡದ ಹಳೇ ಕಾವ್ಯಗಳ ಹುಚ್ಚು ಹಿಡಿಯಿತು. ನೀಲಗಿರಿಯಲ್ಲಿ ನೆಲೆಸಿದ್ದ ಕಸಮೇಜರ್ ಅನ್ನುವ ನಿವೃತ್ತ ನ್ಯಾಯಾಧೀಶರು ಹಣ ಕೊಟ್ಟರು. 1848ರಿಂದ ನಾಲ್ಕು ವರ್ಷದಲ್ಲಿ ಜೈಮಿನಿ ಭಾರತ, ಬಸವಪುರಾಣ, ದಾಸರ ಪದಗಳು ಒಂದೊಂದಾಗಿ ಅಚ್ಚಾದವು. ಸ್ವಲ್ಪ ನಿಂತು ಯೋಚನೆ ಮಾಡಿ. ಏಸುವನ್ನು ಸಾರಲು ಹಡಗು ಹತ್ತಿ ಬಂದವನು ಪುರಂದರದಾಸರ ಪದಗಳನ್ನು ಹುಡುಕಿ, ಜೋಡಿಸಿ, ಅಚ್ಚು ಹಾಕುತ್ತಾನೆ. ನಮ್ಮ ಜನರ ಮನಸ್ಸು ತಿಳಿಯಬೇಕಾದರೆ ಅವರ ಹಾಡು ತಿಳಿಯಬೇಕು ಅನ್ನುವ ಲೆಕ್ಕಾಚಾರ ಅದರಲ್ಲಿ ಇದ್ದೇ ಇತ್ತು. ಆದರೆ ಬರೀ ಲೆಕ್ಕಾಚಾರ ಆಗಿದ್ದರೆ ಊರಿಗೆ ಹಿಂತಿರುಗಿದ ಮೇಲೂ ದಾಸರ ಪದಗಳನ್ನು ಜರ್ಮನ್‌ಗೆ ಮಾಡಿ ಅಲ್ಲಿನ ವಿದ್ವಾಂಸರ ಪತ್ರಿಕೆಯಲ್ಲಿ ಹಾಕಿಸುವ ಉಸಾಬರಿ ಯಾಕೆ? ಅಷ್ಟು ಹೊತ್ತಿಗೆ ಅವರು ಮತ್ತೆ ಕನ್ನಡ ನಾಡಿಗೆ ಬರುವ ಹಾಗೂ ಇರಲಿಲ್ಲ. ಅದನ್ನು ನಾನು ಪ್ರೀತಿ ಅಂತಲೇ ಕರೆಯುತ್ತೇನೆ, ಯಾರು ಏನೇ ಅನ್ನಲಿ.

ಈಗ ಚಿಕ್ಕಪ್ಪನ ಮಾತಿಗೆ ಬರುತ್ತೇನೆ. ಅವರು ಹೇಳಿದ್ದು ಸುಳ್ಳಲ್ಲ. ಇವರು ಬಂದದ್ದು ಮತಾಂತರಕ್ಕೇ, ಅದನ್ನು ಅವರು ಮುಚ್ಚಿಟ್ಟವರೂ ಅಲ್ಲ. ಜಾತ್ರೆಗೆ ಹೋಗಿ ಜನರ ನಡುವೆ ನಿಂತು, ನಿಮ್ಮ ದೇವರು ದೇವರಲ್ಲ ಅಂತ ಕೂಗಿದವರು. ನಮ್ಮ ಭೂತಾರಾಧನೆಯನ್ನು ಪಿಶಾಚಿಯ ಪೂಜೆ ಅಂತ ಬರೆದವರು. ನಾನು ಕೋಲ ನೋಡುತ್ತಾ ಬೆಳೆದವನು, ಆ ಸಾಲುಗಳನ್ನು ಓದುವಾಗ ನನಗೂ ಚುರುಕ್ ಅನ್ನುತ್ತದೆ. 1844ರಲ್ಲಿ ಆನಂದರಾವ್ ಕೌಂಡಿನ್ಯ ಅನ್ನುವ ಸಾರಸ್ವತ ಬ್ರಾಹ್ಮಣ ಹುಡುಗ ಕ್ರೈಸ್ತನಾದಾಗ ಮಂಗಳೂರಿನಲ್ಲಿ ದೊಡ್ಡ ಗಲಾಟೆಯೇ ಆಯಿತು. ಆ ಮನೆಯವರ ಸಂಕಟ ಎಷ್ಟಿತ್ತೋ. ಅದನ್ನು ಲೆಕ್ಕಕ್ಕೆ ಹಿಡಿಯದೆ ಬರೀ ಹೊಗಳುವುದು ನನ್ನಿಂದ ಆಗುವುದಿಲ್ಲ.

ಆದರೆ ಇದೇ ಜನರ ಪೈಕಿ ಮ್ಯಾನರ್ ಅನ್ನುವವರು ತುಳು ಪಾಡ್ದನಗಳನ್ನು, ಅಂದರೆ ಭೂತಗಳ ಕಥೆ ಹೇಳುವ ಹಾಡುಗಳನ್ನು, ಬರೆಸಿಕೊಂಡು 1886ರಲ್ಲಿ ಅಚ್ಚು ಹಾಕಿಸಿದರು. ಅದೇ ವರ್ಷ ತುಳು ನಿಘಂಟನ್ನೂ ತಂದರು. ತುಳುವನ್ನು ಕನ್ನಡ ಲಿಪಿಯಲ್ಲಿ ಅಚ್ಚು ಹಾಕುವ ರೂಢಿ ಬಂದದ್ದು ಈ ಮಿಷನ್ನಿನವರಿಂದ. ಪಿಶಾಚಿ ಅಂತ ಬೈದ ಬಾಯಿಯೂ ಅವರದ್ದೇ, ಬರೆದಿಟ್ಟ ಕೈಯೂ ಅವರದ್ದೇ. ಗದ್ದೆಯಲ್ಲಿ ನೇಜಿ ನೆಡುವಾಗ ನನ್ನ ಅಜ್ಜಿ ಹಾಡುತ್ತಿದ್ದದ್ದನ್ನು ಬರೆದಿಟ್ಟುಕೊಳ್ಳಬೇಕು ಅಂತ ನಮ್ಮ ಮನೆಯಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ಅಜ್ಜಿಯ ಜೊತೆಗೇ ಹೋಯಿತು.

ಹಂಚಿನ ಕಥೆ ಕೂಡ ಮತಾಂತರದಿಂದಲೇ ಹುಟ್ಟಿದ್ದು. ಇದು ಎಷ್ಟೋ ಜನರಿಗೆ ಗೊತ್ತಿಲ್ಲ. ಕ್ರೈಸ್ತರಾದವರನ್ನು ಮನೆಯಿಂದ, ಜಾತಿಯಿಂದ ಹೊರಗೆ ಹಾಕುತ್ತಿದ್ದರು. ಗೇಣಿಯ ಭೂಮಿ ಹೋಯಿತು, ಕುಲಕಸುಬು ಹೋಯಿತು. ಕಳ್ಳು ತೆಗೆಯುವವರು ಕ್ರೈಸ್ತರಾದರೆ ಮಿಷನ್ನಿನವರೇ ಕಳ್ಳಿನ ಕೆಲಸ ಬೇಡ ಅನ್ನುತ್ತಿದ್ದರು. ಹಾಗಾದರೆ ಊಟಕ್ಕೆ? ಅದಕ್ಕೇ ನೇಯ್ಗೆ, ಅಚ್ಚುಕೂಟ, ಪುಸ್ತಕ ಕಟ್ಟುವುದು, ಕೊನೆಗೆ ಹಂಚು. ಧರ್ಮ ಹೇಳಲು ಬಂದವರು ಅನ್ನದ ದಾರಿ ಹುಡುಕಬೇಕಾಯಿತು, ಆ ಅನ್ನದ ದಾರಿಯೇ ಕೊನೆಗೆ ನಮ್ಮ ತಲೆಯ ಮೇಲಿನ ಮಾಡಾಯಿತು.

ಹಂಚಿನ ಹಿಂದೆ ಇರುವವರು ಜಾರ್ಜ್ ಪ್ಲೆಬ್ಸ್ಟ್. ಇವರೆಂದರೆ ನನಗೆ ಎಲ್ಲರಿಗಿಂತ ಇಷ್ಟ. ಪ್ಲೆಬ್ಸ್ಟ್ 1851ರಲ್ಲಿ ಮಂಗಳೂರಿಗೆ ಬಂದದ್ದು ಅಚ್ಚುಕೂಟದ ಕೆಲಸಕ್ಕೆ, ಮೊಳೆ ಅಚ್ಚಿನ ಯಂತ್ರದ ಜೊತೆ. ಆಮೇಲೆ ನೇತ್ರಾವತಿ ದಂಡೆಯ ಜೇಡಿಮಣ್ಣಿನ ಮೇಲೆ ಅವರ ಕಣ್ಣು ಬಿತ್ತು. ರಜೆಗೆ ಊರಿಗೆ ಹೋದಾಗ ಮಣ್ಣು ಸುಡುವ ವಿದ್ಯೆ ಕಲಿತು ಬಂದು, 1865ರಲ್ಲಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದರು. ಸೀಸದ ಅಕ್ಷರ ಜೋಡಿಸಿದ ಕೈಯೇ ಮಣ್ಣಿನ ಮೇಲೂ ಅಕ್ಷರ ಒತ್ತಿತು. ಚಾವಡಿಯಲ್ಲಿ ಮಲಗಿ ನಾನು ಓದಿದ್ದು ಅದನ್ನೇ.

ಆ ಹಂಚಿನ ಜಾಣತನ ನೋಡಬೇಕಾದರೆ ಒಂದನ್ನು ಕೈಯಲ್ಲಿ ಹಿಡಿಯಬೇಕು. ಒಂದು ಬದಿಗೆ ತೋಡು, ಇನ್ನೊಂದು ಬದಿಗೆ ಏಣು. ಪಕ್ಕದ ಹಂಚಿನ ಏಣು ಇದರ ತೋಡಿನಲ್ಲಿ ಕೂರುತ್ತದೆ, ಹಿಂದಿನ ಮೂಗು ರೀಪಿಗೆ ಸಿಕ್ಕಿಕೊಳ್ಳುತ್ತದೆ. ಗಾರೆ ಬೇಡ, ಮೊಳೆ ಬೇಡ. ಆಟಿ ತಿಂಗಳ ಜಡಿಮಳೆಗೂ ಒಂದು ಹನಿ ಒಳಗೆ ಬೀಳುವುದಿಲ್ಲ. ಬೆಕ್ಕು ಓಡಾಡಿದರೆ ಮಾತ್ರ ಹಂಚು ಸರಿಯುತ್ತದೆ, ಬೆಕ್ಕಿನ ವಿಷಯ ಪ್ಲೆಬ್ಸ್ಟ್ ಯೋಚಿಸಿರಲಿಲ್ಲ ಅಂತ ಕಾಣುತ್ತದೆ. ಈ ಹಂಚು ಬರುವ ಮೊದಲು ಬಡವರ ಮನೆಗಳಿಗೆಲ್ಲ ಮುಳಿಹುಲ್ಲು, ಇಲ್ಲದಿದ್ದರೆ ತೆಂಗಿನ ಮಡಲು. ಪತ್ತನಾಜೆ ಕಳೆದು ಮಳೆ ಹಿಡಿಯುವ ಒಳಗೆ ಪ್ರತಿ ವರ್ಷ ಹೊಸದಾಗಿ ಹೊದೆಸಬೇಕು. ಹುಲ್ಲಿಗೆ ಹಣ ಇಲ್ಲದ ವರ್ಷ ಪಾತ್ರೆ ಎಲ್ಲ ಚಾವಡಿಯಲ್ಲಿ, ಸೋರುವ ಜಾಗಕ್ಕೆ ಒಂದೊಂದು. ಬೇಸಿಗೆಯಲ್ಲಿ ಒಂದು ಕಿಡಿ ಹಾರಿದರೆ ಮುಗಿಯಿತು. ಹುಲ್ಲಿನ ಮನೆಯಲ್ಲಿ ಹುಟ್ಟಿದ ನನ್ನ ಅಜ್ಜಿಗೆ ಮದುವೆಯಾಗಿ ಹಂಚಿನ ಮನೆಗೆ ಬಂದದ್ದು ಸಾಯುವ ತನಕ ಹೇಳಿಕೊಳ್ಳುವ ಹೆಮ್ಮೆ.

ಮೂರೇ ವರ್ಷದಲ್ಲಿ ಊರಿನವರೂ ಹಂಚಿನ ಕಾರ್ಖಾನೆ ಹಾಕಿದರು. ಹಟ್ಟಿಯ ಮಾಡಿನ 1868 ಅದೇ. ಆಮೇಲೆ ನದಿ ದಂಡೆಯುದ್ದಕ್ಕೂ ಚಿಮಣಿಗಳು ಎದ್ದವು, ಮಂಜಿಗಳಲ್ಲಿ ಹಂಚು ತುಂಬಿ ದೂರದ ಬಂದರುಗಳಿಗೆ ಹೋಯಿತು. ಮಂಗಳೂರು ಹಂಚು ಅನ್ನುವ ಹೆಸರೇ ನಿಂತಿತು.

ಕಿಟೆಲ್ ಬಗ್ಗೆ ಎಲ್ಲರಿಗೂ ಗೊತ್ತು ಅಂದುಕೊಂಡು ಕೊನೆಗೆ ಇಟ್ಟಿದ್ದೆ. ಆದರೆ ಗೊತ್ತಿರುವುದು ಹೆಸರು ಮಾತ್ರ, ನನಗೂ ಅಷ್ಟೇ ಇತ್ತು. ಫರ್ಡಿನಾಂಡ್ ಕಿಟೆಲ್ ಜರ್ಮನಿಯ ಬಡಗು ತುದಿಯ ಸಮುದ್ರದ ಕಡೆಯವರು. 1853ರಲ್ಲಿ ಬಂದರು. ಅವರ ಕನ್ನಡ-ಇಂಗ್ಲಿಷ್ ನಿಘಂಟು ಅಚ್ಚಾದದ್ದು 1894ರಲ್ಲಿ. ಸುಮಾರು 70,000 ಶಬ್ದ, 1,752 ಪುಟ. ಧರ್ಮಪ್ರಚಾರ ಬಿಟ್ಟು ಪುಸ್ತಕದಲ್ಲೇ ಮುಳುಗಿದ್ದಾರೆ ಅಂತ ಮಿಷನ್ನಿನ ಒಳಗೇ ಅವರ ಮೇಲೆ ಗೊಣಗಾಟ ಇತ್ತು. ನಮ್ಮ ಚಿಕ್ಕಪ್ಪನಿಗೆ ಇದನ್ನು ಹೇಳಬೇಕಿತ್ತು ನೋಡಿ! ಕಿಟೆಲ್ ಮೇಲೆ ಅಸಮಾಧಾನ ಇದ್ದದ್ದು ಅವರ ಮನೆಯವರಿಗೇ.

ನನ್ನ ಹತ್ತಿರ ಅದರ ಒಂದು ಮರುಮುದ್ರಣ ಇದೆ. ಮಾತಿನ ಅರ್ಥ ಹುಡುಕಲು ತೆರೆದವನು ಅರ್ಧ ಗಂಟೆ ಹಾಗೇ ಕೂರುತ್ತೇನೆ. ಒಂದು ಶಬ್ದ ಹಿಡಿದರೆ ಅದರ ತುಳು, ತಮಿಳು, ಮಲಯಾಳ, ತೆಲುಗು ನೆಂಟರೆಲ್ಲ ಪಕ್ಕದಲ್ಲೇ ಸಾಲಾಗಿ ಕೂತಿರುತ್ತಾರೆ. ಕವಿಗಳ ಸಾಲು ಇರುತ್ತದೆ, ಗಾದೆ ಇರುತ್ತದೆ. ಪಂಡಿತರ ಮಾತಿಗೆ ಎಷ್ಟು ಮರ್ಯಾದೆಯೋ ಅಡುಗೆಮನೆಯ ಮಾತಿಗೂ ಅಷ್ಟೇ ಮರ್ಯಾದೆ. ಜರ್ಮನ್ ಕ್ಲಾಸಿನಲ್ಲಿ ಹೊಸ ಶಬ್ದಗಳ ಪಟ್ಟಿ ಮಾಡುವಾಗ ನಾನು ಇನ್ನೂರಕ್ಕೇ ಸುಸ್ತು. ಎಪ್ಪತ್ತು ಸಾವಿರ ಶಬ್ದವನ್ನು ಚೀಟಿ ಚೀಟಿಯಲ್ಲಿ ಬರೆದು, ವಿಂಗಡಿಸಿ, ತಿದ್ದಿ, ಇಪ್ಪತ್ತು ವರ್ಷ ಅದರ ಜೊತೆ ಬದುಕುವುದು ಅಂದರೆ ಏನು ಅಂತ ಈಗ ಸ್ವಲ್ಪ ಅಂದಾಜಾಗುತ್ತದೆ.

ಇಲ್ಲಿ ಒಂದು ಮಾತು ಹೇಳದೆ ಮುಂದೆ ಹೋದರೆ ತಪ್ಪು. ಈ ಕೆಲಸ ಯಾವುದೂ ಅವರೊಬ್ಬರೇ ಮಾಡಿದ್ದಲ್ಲ. ಮುನ್ಷಿಗಳು, ಪಂಡಿತರು, ಕೈಬರಹದ ಕಟ್ಟು ತಂದುಕೊಟ್ಟವರು, ಕಲ್ಲಿನ ಮೇಲೆ ಬರೆದವರು, ಕೆಸರಿನಲ್ಲಿ ನಿಂತು ಮಣ್ಣು ತುಳಿದವರು. ಪೇಟೆಯಲ್ಲಿ ಈ ಶಬ್ದಕ್ಕೆ ಏನಂತೀರಿ ಅಂತ ಕಿಟೆಲ್ ಕೇಳಿದಾಗ ತಾಳ್ಮೆಯಿಂದ ಉತ್ತರ ಕೊಟ್ಟ ಮೀನಿನವಳು ಒಬ್ಬಳಾದರೂ ಇದ್ದೇ ಇರಬೇಕು. ಬೆಂಗಳೂರಿನ ಎಂ.ಜಿ. ರೋಡಿನಲ್ಲಿ ಕಿಟೆಲ್ ಪ್ರತಿಮೆ ನಿಂತದ್ದು ಸರಿ. ಅತ್ತೆ ಮಗ ಹೇಳಿದ ಕಾಡುಜನ ಇದ್ದಾರಲ್ಲ, ಅವರ ಬಾಯಲ್ಲಿದ್ದ ಮಾತೇ ಆ 1,752 ಪುಟ.

ಇನ್ನೊಂದು ಕಡೆಯಿಂದಲೂ ನನಗೆ ಇವರ ಬಗ್ಗೆ ಯೋಚನೆ ಬರುತ್ತದೆ, ಅದು ಮನೆ ಬಿಟ್ಟು ಬಂದವನ ಯೋಚನೆ. ನಾನು ಸಂಬಳಕ್ಕೆ ಬಂದವನು. ವರ್ಷಕ್ಕೊಮ್ಮೆ ಊರು, ದಿನಾ ರಾತ್ರಿ ಅಮ್ಮನ ಜೊತೆ ವಿಡಿಯೋ ಕಾಲ್. ಅವರದ್ದು ಹಾಗಲ್ಲ. ಮಿಷನ್ನಿನವರು ಮದುವೆಯಾಗದ ಹುಡುಗರನ್ನು ಕಳಿಸುತ್ತಿದ್ದರು. ಕೆಲವು ವರ್ಷ ಕೆಲಸ ಮಾಡಿದ ಮೇಲೆ ಮದುವೆಗೆ ಬಾಸೆಲ್‌ನಿಂದ ಅಪ್ಪಣೆ ತರಿಸಬೇಕು. ಅಪ್ಪಣೆ ಸಿಕ್ಕರೆ ಅಲ್ಲಿಂದ ಒಬ್ಬಳು ಹುಡುಗಿ ಹಡಗು ಹತ್ತುತ್ತಾಳೆ, ಎಷ್ಟೋ ಸಲ ಹುಡುಗನ ಮುಖವನ್ನೂ ನೋಡದೆ. ಜ್ವರಕ್ಕೆ, ಹೆರಿಗೆಗೆ ಸತ್ತವರು ಎಷ್ಟೋ. ಕಿಟೆಲ್‌ರ ಮೊದಲ ಹೆಂಡತಿ ಪೌಲೀನ ಬೇಗ ತೀರಿಕೊಂಡರು, ಆಮೇಲೆ ಕಿಟೆಲ್ ಪೌಲೀನರ ತಂಗಿಯನ್ನೇ ಮದುವೆಯಾದರು. ಬದುಕಿ ಉಳಿದ ಮಕ್ಕಳನ್ನು ಆರೇಳು ವರ್ಷ ತುಂಬುತ್ತಲೇ ಬಾಸೆಲ್‌ನ ಮಕ್ಕಳ ಮನೆಗೆ ಕಳಿಸಿಬಿಡುವುದು. ಆಮೇಲೆ ಅಪ್ಪ ಅಮ್ಮನ ಮುಖ ನೋಡುವುದು ಹತ್ತು ವರ್ಷಕ್ಕೋ, ನೋಡದೆಯೇ ಇರುವುದೋ. ನನ್ನ ಮಗಳಿಗೆ ಆರು ವರ್ಷ. ಇದನ್ನು ಓದಿದ ದಿನ ರಾತ್ರಿ ಅವಳ ಕೋಣೆಯ ಬಾಗಿಲಲ್ಲಿ ಸುಮ್ನೆ ನಿಂತಿದ್ದೆ. ನಿಜ ಹೇಳುತ್ತೇನೆ, ಆ ಅಪ್ಪ ಅಮ್ಮಂದಿರ ಮೇಲೆ ನನಗೆ ಮೆಚ್ಚುಗೆಗಿಂತ ಸಿಟ್ಟು ಬಂತು. ದೇವರ ಕೆಲಸ ಅಂತ ಮಕ್ಕಳನ್ನು ಹಾಗೆ ಬಿಡುವುದಾ? ಅದು ಈಗಲೂ ನನಗೆ ಬಗೆಹರಿದಿಲ್ಲ.

ಇದಕ್ಕೆಲ್ಲ ಹಣ ಎಲ್ಲಿಂದ ಬರುತ್ತಿತ್ತು ಅನ್ನುವುದು ಇನ್ನೊಂದು ಕಥೆ. 1855ರಿಂದ ಬಾಸೆಲ್‌ನವರು ವಾರಕ್ಕೆ ಅರ್ಧ ಬಾಟ್ಸೆನ್ ಎತ್ತುವ ಪದ್ಧತಿ ಮಾಡಿದ್ದರು. ಬಾಟ್ಸೆನ್ ಅಂದರೆ ಅಲ್ಲಿನ ಚಿಲ್ಲರೆ ಕಾಸು. ಹೊಲದವರು, ಮನೆಗೆಲಸದ ಹೆಂಗಸರು ಕೂಡ ವಾರವಾರ ಅಷ್ಟು ಕೊಡುತ್ತಿದ್ದರು. ಮಂಗಳೂರು ಎಲ್ಲಿದೆ ಅಂತಲೂ ತಿಳಿಯದ ಯಾವಳೋ ಬಟ್ಟೆ ತೊಳೆಯುವವಳ ಅರ್ಧ ಕಾಸಿನಲ್ಲಿ ಒಂದಷ್ಟು ನಮ್ಮೂರಿಗೂ ಬಂದಿದೆ. ಅವಳು ಕೊಟ್ಟದ್ದು ನಮ್ಮ ಆತ್ಮ ಉಳಿಸಲಿಕ್ಕೆ. ನಮಗೆ ಸಿಕ್ಕಿದ್ದು ಶಾಲೆ, ನಿಘಂಟು.

1914ರ ಯುದ್ಧ ಎಲ್ಲವನ್ನೂ ಮುಗಿಸಿತು. ಜರ್ಮನ್ನರು ಅನ್ನುವ ಕಾರಣಕ್ಕೆ ಬ್ರಿಟಿಷರು ಇವರನ್ನು ಹಿಡಿದಿಟ್ಟು, ಆಮೇಲೆ ಊರಿಗೆ ಅಟ್ಟಿದರು. ಹಂಚಿನ ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟ್ ಅನ್ನುವ ಕಂಪನಿಗೆ ಹೋದವು.

ಇಲ್ಲಿ ಆಫೀಸಿನಲ್ಲಿ ಈ ಹೆಸರುಗಳು ಯಾರಿಗೂ ಗೊತ್ತಿಲ್ಲ. ನಿಮ್ಮ ಪಕ್ಕದ ಊರಿನ ಮೋಗ್ಲಿಂಗ್ ನಮ್ಮ ಭಾಷೆಯ ಮೊದಲ ಪತ್ರಕರ್ತ ಅಂದರೆ, ಹೌದಾ ಅಂತಾರೆ, ಕಾಫಿ ಕುಡೀತಾರೆ. ಟ್ಯೂಬಿಂಗೆನ್ ವಿಶ್ವವಿದ್ಯಾಲಯ ಮೋಗ್ಲಿಂಗರಿಗೆ 1858ರಲ್ಲಿ, ಕಿಟೆಲ್‌ರಿಗೆ 1896ರಲ್ಲಿ ಗೌರವ ಡಾಕ್ಟರೇಟ್ ಕೊಟ್ಟಿತ್ತು, ಅದೂ ಕನ್ನಡದ ಕೆಲಸಕ್ಕೆ. ಕಿಟೆಲ್ ತೀರಿಕೊಂಡದ್ದೂ ಅಲ್ಲೇ, 1903ರಲ್ಲಿ. ಒಂದು ಸಂಜೆ ನೆಕ್ಕರ್ ನದಿಯ ಸೇತುವೆ ಮೇಲೆ ನಿಂತು ಮಗಳಿಗೆ, ಇಲ್ಲಿ ಒಬ್ಬರು ಅಜ್ಜ ಇದ್ದರು, ಅವರಿಗೆ ನಿನಗಿಂತ ಒಳ್ಳೆ ಕನ್ನಡ ಬರುತ್ತಿತ್ತು ಅಂದೆ. ಅವಳು ಜರ್ಮನ್‌ನಲ್ಲಿ, ನನಗೆ ಅಪ್ಪನಿಗಿಂತ ಒಳ್ಳೆ ಜರ್ಮನ್ ಬರುತ್ತದೆ ಅಂದಳು. ಹೌದಲ್ಲ.

ಊರಿನಿಂದ ಹೊರಡುವ ದಿನ ಅಂಗಳದ ರಾಶಿಯಿಂದ ಒಂದು ಹಂಚು ಎತ್ತಿಟ್ಟುಕೊಂಡೆ. ಕೊಳ್ಳುವವನು ಒಂದು ಕಡಿಮೆ ಆಯಿತು ಅಂತ ಲೆಕ್ಕದಲ್ಲಿ ಹಿಡಿದ. ಪಾಚಿ ಉಜ್ಜಿ ತೊಳೆದು, ಬೈರಾಸಿನಲ್ಲಿ ಸುತ್ತಿ, ಉಪ್ಪಿನಕಾಯಿ ಬಾಟಲಿಯ ಪಕ್ಕ ಕೈಚೀಲದಲ್ಲಿ ಇಟ್ಟೆ. ಏರ್‌ಪೋರ್ಟಿನಲ್ಲಿ ಸ್ಕ್ಯಾನಿಂಗ್‌ನಲ್ಲಿ ಚೀಲ ನಿಲ್ಲಿಸಿದರು. ಉಪ್ಪಿನಕಾಯಿ ಹೋಯಿತು. ಬೈರಾಸು ಬಿಚ್ಚಿದ ಹುಡುಗ ಹಂಚನ್ನು ಆಚೆ ಈಚೆ ತಿರುಗಿಸಿ ನೋಡಿದ. ಹಿಂದಿನ ಅಕ್ಷರ ಓದಿದ.

"ಎಲ್ಲಿಗೆ ಸರ್ ಇದು?"

"ಜರ್ಮನಿಗೆ."

"ಯಾಕೆ, ಅಲ್ಲಿ ಹಂಚು ಸಿಗೋದಿಲ್ವಾ?" ಅಂತ ಕೇಳಿ, ಮತ್ತೆ ಜಾಗ್ರತೆಯಿಂದ ಬೈರಾಸು ಸುತ್ತಿ ಕೊಟ್ಟ.